ಇನ್ನು ಐದಾರು ವರ್ಷದಲ್ಲಿ ಮನೆ, ಅಂಗಡಿಯಿಂದ ಮಾಯವಾಗೋ ವಸ್ತು ಯಾವುದು? ಕಾರಣ ಸಮೇತ ಹೇಳಿ

ಮೀಟರ್‌ಬೋರ್ಡ್
ಪೇಜರ್ ಹೋಯ್ತು, ಫ್ಯಾಕ್ಸ್ ಹೋಯ್ತು ಅನ್ನೋ ಹಳೇ ಪಟ್ಟಿ ಬೇಡ. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಿದ್ದು, 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟ್ ಒಳಗೆ ಸೇರಿಹೋಗಿದ್ದು ಎಲ್ಲರಿಗೂ ಗೊತ್ತು. ಇವತ್ತು ಓಡ್ತಾ ಇರೋದು, ಆದರೆ ಹೊಸದಾಗಿ ಕೊಂಡರೆ ದುಡ್ಡು ದಂಡ ಅನ್ನೋಂಥದ್ದು ಯಾವುದು ಅಂತ ಹೇಳಿ.

ಒಂದು ವಿನಂತಿ. ವಸ್ತು ಹೋಗೋದು ಮೂರು ದಾರೀಲಿ. ಅದು ನೆಚ್ಚಿಕೊಂಡಿರೋ ಲೈನು ಅಥವಾ ನೆಟ್‌ವರ್ಕ್ ನಿಲ್ಲುತ್ತೆ, ಬಿಡಿಭಾಗ ಸಿಗಲ್ಲ, ಇಲ್ಲಾ ಸರ್ಕಾರವೇ ಬೇಡ ಅನ್ನತ್ತೆ. ನಿಮ್ಮದು ಯಾವ ದಾರಿ ಅಂತಾನೂ ಹೇಳಿ. "ಜನ ಬಳಸಲ್ಲ" ಅನ್ನೋದು ಕಾರಣ ಅಲ್ಲ, ಫಲಿತಾಂಶ.

ತಾಮ್ರತಂತಿ
ಎಲ್ಲರೂ ಹೇಳೋದು 2ಜಿ ಮೊಬೈಲ್ ನೆಟ್‌ವರ್ಕ್. ನನ್ನ ಪ್ರಕಾರ ಅದಕ್ಕೆ ಇಂಥ ದಿನ ಅಂತ ಸಾವು ಬರಲ್ಲ, ನಿಧಾನಕ್ಕೆ ಸೊರಗತ್ತೆ. ಹಳೇ 2ಜಿ ಉಳಕೊಂಡು ಅದಕ್ಕಿಂತ ಹೊಸದಾದ 3ಜಿ ಮೊದಲು ಹೋಗಿದ್ದು ಯಾಕೆ ಅಂತ ನೋಡಿ. 3ಜಿಯ ಒಂದು ಕ್ಯಾರಿಯರ್‌ಗೆ (ಸಿಗ್ನಲ್ ಹೊರೋ ಒಂದು ತರಂಗ ಪಟ್ಟಿಗೆ) 5 ಮೆಗಾಹರ್ಟ್ಸ್ ಇಡಿಯಾಗಿ ಬೇಕು, ಅದನ್ನ ಅರ್ಧ ಮಾಡಕ್ಕಾಗಲ್ಲ. ಅದೇ ಜಾಗ 4ಜಿಗೆ ಕೊಟ್ಟರೆ ಹೆಚ್ಚು ಡೇಟಾ ಓಡತ್ತೆ. ಹಾಗಾಗಿ ಏರ್‌ಟೆಲ್ 2019-20ರಲ್ಲೇ 3ಜಿ ಎತ್ತಿಬಿಡ್ತು. 2ಜಿಯ ಒಂದು ಕ್ಯಾರಿಯರ್‌ಗೆ ಬರೀ 200 ಕಿಲೋಹರ್ಟ್ಸ್ ಸಾಕು. 4ಜಿ ಬ್ಲಾಕಿನ ಪಕ್ಕದ ಸಂದೀಲಿ ನಾಲ್ಕೈದು ಇಟ್ಟುಕೊಂಡು, ಉಳಿದಿದ್ದನ್ನ ಒಂದೊಂದಾಗಿ ಕಿತ್ಕೊಳ್ತಾ ಹೋಗಬಹುದು.

ಸೊರಗೋದು ಹೇಗೆ ಕಾಣತ್ತೆ ಅಂದ್ರೆ, ಸಿಗ್ನಲ್ ಕಡ್ಡಿ ಪೂರ್ತಿ ಇರತ್ತೆ, ಎಸ್‌ಎಂಎಸ್ ಹೋಗತ್ತೆ, ಡೇಟಾ ಮಾತ್ರ ಹೋಗಲ್ಲ. 2ಜಿಯಲ್ಲಿ ಮಾತಿಗೆ ಮೊದಲ ಮಣೆ. ಕ್ಯಾರಿಯರ್ ಕಮ್ಮಿ ಆದಷ್ಟೂ ಜಿಪಿಆರ್‌ಎಸ್‌ಗೆ, ಅಂದ್ರೆ 2ಜಿಯ ಡೇಟಾಗೆ, ಸಿಗೋ ಟೈಮ್ ಸ್ಲಾಟ್ ಖಾಲಿ. ಹಳೇ ಜಿಪಿಎಸ್ ಟ್ರ್ಯಾಕರ್ರು, ಹಳೇ ಸ್ವೈಪಿಂಗ್ ಮೆಷಿನ್ನು "ಮಧ್ಯಾಹ್ನ ಓಡಲ್ಲ, ರಾತ್ರಿ ಓಡತ್ತೆ" ಅನ್ನೋದು ಇದಕ್ಕೇ. ರಿಪೇರಿಗೆ ಕೊಟ್ಟು ಆಂಟೆನಾ ಬದಲಾಯಿಸಿ ಪ್ರಯೋಜನ ಇಲ್ಲ.

ತೋಟದಪಂಪು
ಹಾಗಾದ್ರೆ ಮಿಸ್ಡ್ ಕಾಲ್ ಕೊಟ್ಟರೆ ಆನ್ ಆಗೋ ಬೋರ್‌ವೆಲ್ ಮೋಟಾರ್ ಸ್ಟಾರ್ಟರ್‌ಗಳ ಗತಿ ಏನು ಸಾರ್? ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಇದೇ ಹೆಚ್ಚು. ಇಡೀ ಡಬ್ಬ ಬದಲಾಯಿಸಬೇಕಾ?

ಎಸ್‌ಪಿರೋಡ್_ಸಂತೆ
ಡಬ್ಬ ಬೇಡ. ರಿಲೇ, ಕಾಂಟ್ಯಾಕ್ಟರ್, ನೀರಿಲ್ಲದಾಗ ಮೋಟಾರ್ ನಿಲ್ಲಿಸೋ ಡ್ರೈ ರನ್ ಸರ್ಕ್ಯೂಟ್ ಎಲ್ಲಾ ಹಾಗೇ ಇರಲಿ. ಒಳಗಿರೋ ಸಿಮ್ 800 ಅಥವಾ ಸಿಮ್ 900 ಅನ್ನೋ ಸಣ್ಣ ಮಾಡ್ಯೂಲ್ ಮಾತ್ರ 2ಜಿಯದ್ದು. ಅದರ ಜಾಗಕ್ಕೆ 4ಜಿ ಕ್ಯಾಟ್-1 ಮಾಡ್ಯೂಲ್ ಹಾಕಬೇಕು. ಎ7670 ಸರಣಿ, ಇಸಿ200 ಸರಣಿ ಎರಡೂ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆ ಎಸ್‌ಪಿ ರೋಡ್‌ನಲ್ಲಿ ಸಿಗತ್ತೆ. ಆದರೆ ಕಿತ್ತು ಕೂರಿಸಿದ ತಕ್ಷಣ ಓಡಲ್ಲ. ಎಡವೋ ಜಾಗ ಇವು:

ಮೊದಲನೇದು ಪವರ್. ಸಿಮ್ 800ಗೆ 3.4ರಿಂದ 4.4 ವೋಲ್ಟ್ ಬೇಕು, ಸಿಗ್ನಲ್ ಕಳಿಸೋ ಕ್ಷಣದಲ್ಲಿ 2 ಆಂಪಿಯರ್ ಎಳೆಯತ್ತೆ. ಎಷ್ಟೋ ಸ್ಟಾರ್ಟರ್‌ನಲ್ಲಿ ಆ ಸಪ್ಲೈ ಮೊದಲೇ ಬಡಕಲು. ಮೋಟಾರ್ ಎಳೆದಾಗ ವೋಲ್ಟೇಜ್ ಕುಸಿದು ಮಾಡ್ಯೂಲ್ ರೀಸೆಟ್ ಆಗತ್ತೆ, ಜನ ಸಿಗ್ನಲ್ ಇಲ್ಲ ಅಂದ್ಕೊಳ್ತಾರೆ. ಮಾಡ್ಯೂಲ್ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಬೆಸುಗೆ ಹಾಕಿ. ಉದ್ದ ವೈರ್ ಎಳೆದು ದೂರ ಇಟ್ಟರೆ ಉಪಯೋಗ ಇಲ್ಲ.

ಎರಡನೇದು ಪ್ರೋಗ್ರಾಂ. ಹಳೇ ಕೋಡು ನೆಟ್‌ವರ್ಕ್ ಸಿಕ್ತಾ ಅಂತ ಸಿಆರ್‌ಇಜಿ ಕಮಾಂಡಲ್ಲಿ ಕೇಳತ್ತೆ. 4ಜಿಯಲ್ಲಿ ನೋಡಬೇಕಾಗಿದ್ದು ಸಿಇಆರ್‌ಇಜಿ. ಇದನ್ನ ಬದಲಾಯಿಸದೇ ಇದ್ರೆ ಮಾಡ್ಯೂಲ್ ನೆಟ್‌ವರ್ಕಲ್ಲಿದ್ದರೂ ಕಂಟ್ರೋಲರ್ "ಇಲ್ಲ" ಅಂತ ಕಾಯ್ತಾ ಕೂರಬಹುದು.

ಮೂರನೇದು ಕಾಲ್. 4ಜಿಯಲ್ಲಿ ಮಾತು ವೋಲ್ಟೇ (VoLTE) ಮೇಲೆ ಹೋಗೋದು. ಬರೀ ಡೇಟಾ ಇರೋ ಮಾಡ್ಯೂಲ್ ತಂದ್ರೆ ಮಿಸ್ಡ್ ಕಾಲ್ ತಟ್ಟೋದೇ ಇಲ್ಲ. ಕೊಳ್ಳುವಾಗ "ವಾಯ್ಸ್ ಇದೆಯಾ" ಅಂತ ಕೇಳಿ, ಮಾದರಿಯ ಕೊನೇ ಅಕ್ಷರ ನೋಡಿ. ಒಂದೇ ನಂಬರಿನಲ್ಲಿ ಬೇರೆಬೇರೆ ದೇಶದ ಬ್ಯಾಂಡಿನವು ಇವೆ. ನಮ್ಮ ಕಡೆ ಬ್ಯಾಂಡ್ 3, 5, 40 ಇರಲೇಬೇಕು. ಜಿಯೋಗೆ 2ಜಿ ಇಲ್ಲವೇ ಇಲ್ಲ, ಅದು ಓಡೋದು ಈ ಮೂರರಲ್ಲಿ.

ಆಂಟೆನಾ ಕೂಡ. 900/1800 ಅಂತ ಬರೆದಿರೋ ಹಳೇ ಕಡ್ಡಿ ಬ್ಯಾಂಡ್ 40ರ 2300 ಮೆಗಾಹರ್ಟ್ಸ್‌ಗೆ ಸರಿಹೋಗಲ್ಲ. ತಗಡಿನ ಡಬ್ಬದೊಳಗೇ ಆಂಟೆನಾ ಬಿಟ್ಟಿರೋರಿಗೆ ಏನು ಹೇಳೋದು, ಹೊರಗೆ ಎಳೀರಿ.

ತೋಟದಪಂಪು
ಡಿಟಿಎಂಎಫ್, ಅಂದ್ರೆ ಕಾಲ್‌ನಲ್ಲಿ ಅಂಕೆ ಒತ್ತಿದಾಗ ಬರೋ ಟೋನು, ಅದನ್ನ ಒತ್ತಿ ಆನ್ ಆಫ್ ಮಾಡೋದು ಅದರಲ್ಲಿ ಓಡತ್ತಾ?

ಎಸ್‌ಪಿರೋಡ್_ಸಂತೆ
ಓಡತ್ತೆ, ಆದರೆ ಮಾಡ್ಯೂಲ್‌ನ ಫರ್ಮ್‌ವೇರ್‌ನಲ್ಲಿ ಡಿಟಿಎಂಎಫ್ ಗುರುತಿಸೋದು ಇರಬೇಕು. ಹೊರಗಿನ ಡಿಕೋಡರ್ ಚಿಪ್ ಹಾಕಿರೋ ಬೋರ್ಡುಗಳಲ್ಲಿ ಸ್ಪೀಕರ್ ಔಟ್‌ಪುಟ್ಟಿನ ಮಟ್ಟ ಬೇರೆ ಆಗಿ ಒಂದೊಂದು ಅಂಕೆ ತಪ್ಪತ್ತೆ. ಧ್ವನಿ ಮಟ್ಟ ಒಂದೆರಡು ಹಂತ ಇಳಿಸಿ ನೋಡಿ. ಅದಕ್ಕಿಂತ ಎಸ್‌ಎಂಎಸ್ ಕಮಾಂಡಿಗೆ ಬದಲಾಯಿಸಿಕೊಳ್ಳೋದು ನೆಮ್ಮದಿ.

ಅಂಚೆಪೆಟ್ಟಿಗೆ
ಇದರ ಜೊತೆಗೇ ಬರಬೇಕಾದದ್ದು ತಾಮ್ರದ ಸ್ಥಿರ ದೂರವಾಣಿ. ಮನೆಗಳಲ್ಲಿ ಈಗಾಗಲೇ ಫೈಬರ್ ಬಂದಿದೆ, ಅದನ್ನು ಬಿಡೋಣ. ಅಪಾರ್ಟ್‌ಮೆಂಟ್‌ಗಳವರು ಮರೆಯುವುದು ಬೇರೆ: ಲಿಫ್ಟಿನೊಳಗಿನ ತುರ್ತು ಫೋನು, ಅಗ್ನಿ ಎಚ್ಚರಿಕೆ ಪೆಟ್ಟಿಗೆಯ ಆಟೋ ಡಯಲರು. ಹಳೆಯ ಕಟ್ಟಡಗಳಲ್ಲಿ ಇವು ತಾಮ್ರದ ಜೋಡಿ ತಂತಿಯನ್ನು ನಂಬಿಕೊಂಡಿವೆ. ಆ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ಬರುತ್ತಿತ್ತು. ಮನೆಯ ಕರೆಂಟು ಹೋದರೂ ಫೋನು ಜೀವಂತ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಕರೆಂಟು ಹೋದಾಗ ಲಿಫ್ಟ್ ನಿಲ್ಲುತ್ತದೆ, ಅದೇ ಹೊತ್ತಿಗೆ ಫೈಬರ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆಯೂ ಆರಿ ಲಿಫ್ಟಿನ ಫೋನು ಸತ್ತಿರುತ್ತದೆ. ಬೇಕಾದಾಗಲೇ ಇಲ್ಲ!

ಒಎನ್‌ಟಿಯಲ್ಲಿ ಫೋನಿನ ಕಿಂಡಿಗೆ ಹಳೆಯ ಡಯಲರನ್ನು ಸಿಕ್ಕಿಸಿದರೆ ಸಾಮಾನ್ಯವಾಗಿ ನಡೆಯುತ್ತದೆ. ಎರಡು ವಿಷಯ ನೋಡಿ. ಡಯಲರು ಪಲ್ಸ್ ಕ್ರಮದಲ್ಲಿದ್ದರೆ ಟೋನ್‌ಗೆ ಬದಲಿಸಿ. ಕರೆಯ ಕೊಡೆಕ್ (ಧ್ವನಿಯನ್ನು ಡಿಜಿಟಲ್ ಮಾಡುವ ಕ್ರಮ) ಜಿ.711 ಇರಬೇಕು, ಜಿ.729 ಧ್ವನಿಯನ್ನು ಅಮುಕುವುದರಿಂದ ಅಲಾರಂ ಟೋನುಗಳು ಹಾಳಾಗುತ್ತವೆ. ಆಮೇಲೆ ಒಎನ್‌ಟಿಗೆ ಪ್ರತ್ಯೇಕ ಮಿನಿ ಯುಪಿಎಸ್.

ತಾಮ್ರತಂತಿ
ಮಿನಿ ಯುಪಿಎಸ್ ಕೊಳ್ಳೋರು ಅಡಾಪ್ಟರ್ ಮೇಲಿನ ಬರಹ ಓದಿ. 12 ವೋಲ್ಟಾ 9 ವೋಲ್ಟಾ ನೋಡಿ. ಪಿನ್ನು 5.5 ಮಿಲಿಮೀಟರ್ ಹೊರಗಡೆ ಒಂದೇ ಥರ ಕಾಣತ್ತೆ, ಒಳಗಿನ ತೂತು 2.1 ಇರತ್ತೆ ಇಲ್ಲಾ 2.5. 2.5ರ ಪಿನ್ನನ್ನ 2.1ರ ಸಾಕೆಟ್ಟಿಗೆ ಹಾಕಿದ್ರೆ ಸಡಿಲ, ಮುಟ್ಟಿದಾಗೆಲ್ಲ ರೀಸ್ಟಾರ್ಟ್. 2.1 ಅನ್ನ 2.5ಕ್ಕೆ ತುರುಕಕ್ಕೇ ಆಗಲ್ಲ. ಇನ್ನು "10,000 ಎಂಎಎಚ್" ಅನ್ನೋದು 3.7 ವೋಲ್ಟಿನ ಲೆಕ್ಕ, ಅಂದ್ರೆ 37 ವ್ಯಾಟ್-ಅವರ್. 10 ವ್ಯಾಟ್ ಎಳೆಯೋ ಪೆಟ್ಟಿಗೆಗೆ ನಷ್ಟ ಕಳೆದು ಮೂರು ಗಂಟೆ. ಹತ್ತು ಗಂಟೆ ಅಂತ ಹೇಳೋ ಅಂಗಡಿಯವರನ್ನ ನಂಬಬೇಡಿ.

ಮೀಟರ್‌ಬೋರ್ಡ್
ಒಳ್ಳೇದು. ನನ್ನ ಓಟು ಫ್ಯಾನ್ ರೆಗ್ಯುಲೇಟರ್‌ಗೆ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯ ಆಗಿದೆ. ಮಾಮೂಲಿ ಇಂಡಕ್ಷನ್ ಫ್ಯಾನ್ 70ರಿಂದ 75 ವ್ಯಾಟ್, ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನದು) 28ರಿಂದ 35. ದಿನಕ್ಕೆ ಹತ್ತು ಗಂಟೆ ತಿರುಗಿದ್ರೆ ತಿಂಗಳಿಗೆ ಒಂದು ಫ್ಯಾನಿಗೆ ಸುಮಾರು 13 ಯೂನಿಟ್ ಉಳಿತಾಯ. (ಗೃಹಜ್ಯೋತಿ ಮಿತಿಯೊಳಗೆ ಇರೋರಿಗೆ ಬಿಲ್ಲಲ್ಲಿ ಏನೂ ಕಾಣಲ್ಲ, ಅದು ಬೇರೆ ಮಾತು.)

ರಿಮೋಟಿನ ಬಿಎಲ್‌ಡಿಸಿ ಫ್ಯಾನಿಗೆ ಗೋಡೆ ರೆಗ್ಯುಲೇಟರ್ ಬಿಡಲೇಬಾರದು. ಡಿಮ್ಮರ್ ಥರದ ಎಲೆಕ್ಟ್ರಾನಿಕ್ ರೆಗ್ಯುಲೇಟರ್ರು ಕರೆಂಟಿನ ಅಲೆಯನ್ನ ಕತ್ತರಿಸಿ ಕಳಿಸತ್ತೆ. ಬಿಎಲ್‌ಡಿಸಿ ಒಳಗೆ ಮೊದಲು ಇರೋದು ರೆಕ್ಟಿಫೈಯರ್ ಮತ್ತು ಕೆಪಾಸಿಟರ್. ಪ್ರತಿ ಅಲೆಗೂ ಅದಕ್ಕೆ ಒದೆ ಬಿದ್ದು ಬೋರ್ಡ್ ಹೋಗತ್ತೆ. "ಫುಲ್ಲಲ್ಲಿ ಇಟ್ಟಿದ್ದೀವಿ, ಏನಾಗಲ್ಲ" ಅನ್ನೋದು ಮಕ್ಕಳು ತಿರುಗಿಸೋವರೆಗೆ ಮಾತ್ರ. ಎಂಸಿಬಿ ಆಫ್ ಮಾಡಿ, ಟೆಸ್ಟರ್ ಇಟ್ಟು ಖಾತ್ರಿ ಮಾಡ್ಕೊಂಡು, ರೆಗ್ಯುಲೇಟರ್‌ನ ಎರಡು ವೈರ್ ಬಿಚ್ಚಿ ಕನೆಕ್ಟರ್‌ನಲ್ಲಿ ಒಂದಕ್ಕೊಂದು ಸೇರಿಸಿ, ಜಾಗಕ್ಕೆ ಬ್ಲ್ಯಾಂಕ್ ಪ್ಲೇಟ್ ಹಾಕಿ. ಬರೀ ಟೇಪ್ ಸುತ್ತಿ ಬಿಡಬೇಡಿ.

ಜೆಸಿರೋಡ್_ಜೆಟ್
ಒಪ್ಪಲ್ಲ ಗುರು. ಇಂಡಕ್ಷನ್ ಫ್ಯಾನಲ್ಲಿ ಹೋಗೋದು ಏನು? ಕೆಪಾಸಿಟರ್. 2.5 ಮೈಕ್ರೋಫ್ಯಾರಡ್ ಇದ್ದಿದ್ದು ಒಂದೂವರೆಗೆ ಇಳಿದಿರತ್ತೆ, ಫ್ಯಾನ್ ಮುದುಕನ ಥರ ತಿರುಗತ್ತೆ. ಅಂಗಡೀಲಿ ನೂರು ರೂಪಾಯಿ ಒಳಗೆ ಮುಗೀತು. ಕಾಯಿಲ್ ಸುಟ್ರೆ ರೀವೈಂಡಿಂಗ್ ಮಾಡೋರು ಬೀದಿಗೊಬ್ಬರು. ಬಿಎಲ್‌ಡಿಸಿ ಬೋರ್ಡ್ ಹೋದ್ರೆ ಆ ಕಂಪನಿದೇ ಆಗಬೇಕು, ಅದೂ ಆ ಮಾದರಿದೇ. ನಾಲ್ಕು ವರ್ಷ ಆದ್ಮೇಲೆ ಆ ಮಾದರಿ ನಿಂತಿರತ್ತೆ. ನಿಮ್ಮದೇ ಅಳತೆಕೋಲು ಹಿಡಿದ್ರೆ ಬಿಡಿಭಾಗ ಸಿಗದೇ ಮೊದಲು ಹೋಗೋದು ಹೊಸ ಫ್ಯಾನು, ಹಳೇದಲ್ಲ.

ಮೀಟರ್‌ಬೋರ್ಡ್
ಮಾತು ಸರಿ. ನಾನು ಹೇಳಿದ್ದು ರೆಗ್ಯುಲೇಟರ್ ಬಗ್ಗೆ, ಆದರೂ ಒಪ್ಕೋತೀನಿ. ಇಲ್ಲಿ ಬೋರ್ಡ್ ಹೋಗೋದಕ್ಕೆ ಇನ್ನೊಂದು ಕಾರಣ ಇದೆ, ಅದನ್ನ ತಡೀಬಹುದು. ಕಂಬದಲ್ಲಿ ನ್ಯೂಟ್ರಲ್ ಕಿತ್ತುಹೋದಾಗ ಕಮ್ಮಿ ಲೋಡ್ ಇರೋ ಫೇಸಿನ ಮನೆಗೆ 230ರ ಬದಲು 300, 350, ಇನ್ನೂ ಮೇಲೆ ನುಗ್ಗತ್ತೆ. ಎರಡು ಫೇಸಿನ ನಡುವೆ ಇರೋದೇ 400. ಬೋರ್ಡ್ ಮೇಲಿರೋ ವೇರಿಸ್ಟರ್ ಸಿಡಿಲಿನಂಥ ಕ್ಷಣಮಾತ್ರದ ಏಟಿಗೆ ತಡೆ. ಹತ್ತು ನಿಮಿಷ ನಿಂತ 350 ವೋಲ್ಟಿಗೆ ಅದೇ ಮೊದಲು ಸುಡತ್ತೆ. ಮಳೆಗಾಲದ ಮೊದಲ ಗಾಳಿಗೆ ಕೊಂಬೆ ಬಿದ್ದ ದಿನ ಒಂದೇ ಬೀದೀಲಿ ಎಂಟ್ಹತ್ತು ಎಲ್‌ಇಡಿ, ಫ್ಯಾನ್ ಬೋರ್ಡ್ ಒಟ್ಟಿಗೆ ಹೋಗೋದು ಹೀಗೆ. ಮೇನ್ ಬೋರ್ಡಲ್ಲಿ ಓವರ್-ಅಂಡರ್ ವೋಲ್ಟೇಜ್ ರಿಲೇ ಹಾಕ್ಸಿ. ಮೇಲಿನ ಮಿತಿ 270, ಕೆಳಗಿನದು 170, ವಾಪಸ್ ಬರೋಕ್ಕೆ ಒಂದೆರಡು ನಿಮಿಷ ತಡ. ಫ್ರಿಜ್ಜಿಗೂ ಅದು ಒಳ್ಳೇದು.

ಗೋಡೆ ಗುಂಡಿಗೂ ಹೊಂದೋ ಬಿಎಲ್‌ಡಿಸಿ ಮಾದರಿಗಳು ಬಂದಿವೆ. ಮನೇಲಿ ವಯಸ್ಸಾದವರಿದ್ರೆ ಅದನ್ನೇ ತಗೊಳ್ಳಿ. ರಿಮೋಟ್ ಸೋಫಾ ಸಂದೀಲಿ ಸೇರಿಹೋದ ರಾತ್ರಿ ಫ್ಯಾನ್ ಬೈಸಿಕೊಳ್ಳತ್ತೆ.

ಬಸವನಗುಡಿ_ಬ್ಯಾಟರಿ
ಯುಪಿಎಸ್‌ಗೆ ಬರೋಣ. ಹತ್ತರಲ್ಲಿ ಒಂಬತ್ತು ಜನ "ಲೆಡ್ ಆಸಿಡ್ ಮುಗೀತು, ಲಿಥಿಯಂ ಬಂತು" ಅಂತಾರೆ. ಲೆಕ್ಕ ನೋಡಿ. 150 ಆಂಪಿಯರ್-ಅವರ್ ಟ್ಯೂಬುಲರ್ (ನೀರು ಹಾಕೋ ಲೆಡ್ ಬ್ಯಾಟರಿ) 12 ವೋಲ್ಟ್ ಅಂದ್ರೆ ಕಾಗದದ ಮೇಲೆ 1800 ವ್ಯಾಟ್-ಅವರ್. ಆಯಸ್ಸು ಬೇಕಾದ್ರೆ ಅರ್ಧ ಮಾತ್ರ ಬಳಸಬೇಕು, 900. ಅದೂ ಆ ರೇಟಿಂಗ್ 20 ಗಂಟೆ ನಿಧಾನಕ್ಕೆ, ಏಳೂವರೆ ಆಂಪಿಯರ್ ಎಳೆದಾಗಿನದು. ಮನೇಲಿ 400 ವ್ಯಾಟ್ ಲೋಡ್ ಹಾಕಿದ್ರೆ ಬ್ಯಾಟರಿಯಿಂದ 40 ಆಂಪಿಯರ್ ಹೋಗತ್ತೆ, ಸಿಗೋದು ಇನ್ನೂ ಕಮ್ಮಿ. 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ 12.8 ವೋಲ್ಟ್, 1280 ವ್ಯಾಟ್-ಅವರ್, ಶೇ. 80 ಬಳಸಿದ್ರೂ ಸಾವಿರದ ಮೇಲೆ. ತೂಕ 12 ಕೆಜಿ ಆಸುಪಾಸು. ಟ್ಯೂಬುಲರ್ 50 ದಾಟತ್ತೆ. ಮೂರನೇ ಮಹಡಿಗೆ ಹೊತ್ತವರಿಗೆ ಗೊತ್ತು.

ಇಷ್ಟಾದರೂ ಹಳೇ ಯುಪಿಎಸ್‌ಗೆ ಲಿಥಿಯಂ ಸಿಕ್ಕಿಸಿದವರು ಬೈಕೊಳ್ತಿರೋದು ಯಾಕೆ? ಹಳೇ ಯುಪಿಎಸ್ ಟ್ಯೂಬುಲರ್ ಕ್ರಮದಲ್ಲಿ ಆಗಾಗ ಈಕ್ವಲೈಸ್ ಅಂತ 15 ವೋಲ್ಟ್ ದಾಟಿಸತ್ತೆ. ಲಿಥಿಯಂನ ಮೇಲ್ಮಿತಿ 14.6. ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್ ಬಿಎಂಎಸ್ ಕತ್ತರಿಸತ್ತೆ, ಯುಪಿಎಸ್ ಬ್ಯಾಟರಿ ಇಲ್ಲ ಅಂತ ಕಿರುಚತ್ತೆ. ಎಸ್‌ಎಂಎಫ್ (ನೀರು ಹಾಕಬೇಕಿಲ್ಲದ ಲೆಡ್ ಬ್ಯಾಟರಿ) ಕ್ರಮಕ್ಕೆ ಹಾಕಿದ್ರೆ ಕೆಲವು 13.6ಕ್ಕೇ ನಿಲ್ಲುತ್ತವೆ. ಚಾರ್ಜ್ ಆಗತ್ತೆ, ಆದರೆ ಸೆಲ್‌ಗಳು ಒಂದಕ್ಕೊಂದು ಸಮ ಆಗೋಷ್ಟು ಮೇಲೆ ಹೋಗಲ್ಲ. ವರ್ಷ ಕಳೆದ್ಮೇಲೆ ಒಂದು ಸೆಲ್ ಹಿಂದೆ ಬಿದ್ದು ಇಡೀ ಬ್ಯಾಟರಿ ಬೇಗ ಆಫ್ ಆಗತ್ತೆ. ಇನ್ನೊಂದು ತೊಂದರೆ: ಪೂರ್ತಿ ಖಾಲಿಯಾಗಿ ಬಿಎಂಎಸ್ ಬಾಗಿಲು ಹಾಕಿಕೊಂಡರೆ ಯುಪಿಎಸ್‌ಗೆ ಕಾಣೋದು ಸೊನ್ನೆ ವೋಲ್ಟ್. ಕರೆಂಟ್ ಬಂದ್ರೂ ಚಾರ್ಜ್ ಶುರು ಮಾಡಲ್ಲ. ಪರದೆಯ ಮೇಲಿನ ಬ್ಯಾಟರಿ ಶೇಕಡಾ ಅಂತೂ ಸುಳ್ಳು, ಅದು ಲೆಡ್‌ನ ವೋಲ್ಟೇಜಿಗೆ ಅಳೆದಿಟ್ಟಿದ್ದು.

ಹಾಗಾಗಿ ನನ್ನ ಭವಿಷ್ಯ: ಮೊದಲು ಹೋಗೋದು ಲೆಡ್ ಬ್ಯಾಟರಿ ಅಲ್ಲ, ಲಿಥಿಯಂ ಕ್ರಮ ಇಲ್ಲದ ಯುಪಿಎಸ್ ಪೆಟ್ಟಿಗೆ. ಲೆಡ್ ಬ್ಯಾಟರಿಗೆ ಹಳೇದು ಕೊಟ್ಟು ಹೊಸದು ತಗೊಳ್ಳೋ ವ್ಯವಹಾರ ಗಟ್ಟಿಯಾಗಿದೆ. ಗುಜರಿಯಲ್ಲೂ ತೂಕಕ್ಕೆ ಬೆಲೆ ಸಿಗತ್ತೆ.

ಕೌಂಟರ್_ನಂ2
ಡಿಸ್ಟಿಲ್ಡ್ ವಾಟರ್ ಹಾಕೋ ಕೆಲಸ ಮಾತ್ರ ಮೊದಲು ಹೋಗಲಿ ಸ್ವಾಮಿ.

ಬಸವನಗುಡಿ_ಬ್ಯಾಟರಿ
ಅಲ್ಲಿವರೆಗೆ ಮೂರು ತಿಂಗಳಿಗೊಮ್ಮೆ ನೀರಿನ ಮಟ್ಟ ತೋರಿಸೋ ತೇಲುಕಡ್ಡಿ ನೋಡಿ ಮೇಡಂ. ಹಸಿರು ಗುರುತು ದಾಟಿ ತುಂಬಬೇಡಿ, ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಗೆ ಬರತ್ತೆ. ತುಂಬೋದು ಚಾರ್ಜ್ ಆದ ಮೇಲೆ, ಮೊದಲಲ್ಲ. ಹೈಡ್ರೋಮೀಟರ್ ಇದ್ರೆ ಪೂರ್ತಿ ಚಾರ್ಜಲ್ಲಿ 1.240 ಹತ್ತಿರ ಇರಬೇಕು. ಆರರಲ್ಲಿ ಒಂದೇ ಸೆಲ್ 1.150ಕ್ಕೆ ನಿಂತಿದ್ರೆ ನೀರು ಹಾಕಿ ಫಲ ಇಲ್ಲ. ಬೋರ್ ನೀರಂತೂ ಬೇಡವೇ ಬೇಡ.

ಕೌಂಟರ್_ನಂ2
ನಮ್ಮ ಕಡೆಯಿಂದ ಥರ್ಮಲ್ ಬಿಲ್. ಎಲ್ಲಾ ಯುಪಿಐ ಆಯ್ತು, ಕಾಗದ ಹೋಗತ್ತೆ ಅಂತಾರೆ. ಹೋಗಲ್ಲ. ದರ್ಶಿನಿಯಲ್ಲಿ ಟೋಕನ್ ಒಳಗಿನ ಅಡುಗೆಯವರಿಗೆ ತಲುಪೋ ಆರ್ಡರ್, ಅದು ರಸೀದಿ ಅಲ್ಲ. ದೋಸೆ ಕಲ್ಲಿನ ಮುಂದೆ ಪರದೆ ಇಟ್ಟರೆ ಎಣ್ಣೆ ಹಬೆಗೆ ಎಷ್ಟು ದಿನ ಬರತ್ತೆ? ಬಿಎಂಟಿಸಿಯಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟೂ ಯಂತ್ರದಲ್ಲೇ ಬರೋದು. ದುಡ್ಡು ಸೊನ್ನೆ, ಕಾಗದ ಮಾತ್ರ ಇದೆ.

ಹೋಗೋದು ಆ ಕಾಗದವನ್ನ ದಾಖಲೆ ಅಂತ ನಂಬೋ ಅಭ್ಯಾಸ. ಥರ್ಮಲ್ ಕಾಗದದಲ್ಲಿ ಶಾಯಿ ಇಲ್ಲ, ಮೇಲಿನ ಲೇಪವೇ ಬಿಸಿಗೆ ಕಪ್ಪಾಗೋದು. ಪ್ಲಾಸ್ಟಿಕ್ ಕವರನ್ನ ಮೆದು ಮಾಡೋ ರಾಸಾಯನಿಕ, ಸೆಲ್ಲೋಟೇಪ್ ಅಂಟು, ಕೈಯ ಎಣ್ಣೆ ಇವೆಲ್ಲ ಆ ಬಣ್ಣವನ್ನ ಅಳಿಸ್ತವೆ. ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ರೆ ಪೂರ್ತಿ ಕಪ್ಪು. ಲ್ಯಾಮಿನೇಷನ್ ಮಾಡಿಸಿದ್ರೆ ಅಲ್ಲೇ ಕಣ್ಮುಂದೆ ಕಪ್ಪಾಗತ್ತೆ, ದಯವಿಟ್ಟು ಮಾಡಿಸಬೇಡಿ. ಫ್ರಿಜ್ಜು, ಮೊಬೈಲು ಕೊಂಡ ವಾರಂಟಿ ಬಿಲ್ಲಿಗೆ ಅದೇ ದಿನ ಜೆರಾಕ್ಸ್ ಮಾಡಿಸಿ ಅದನ್ನ ಇಟ್ಕೊಳ್ಳಿ. ಈಗಾಗಲೇ ಮಾಸಿದ್ರೆ ಕಪ್ಪು-ಬಿಳುಪಲ್ಲಿ ಅಲ್ಲ, ಬಣ್ಣದಲ್ಲಿ 300 ಡಿಪಿಐಗೆ ಸ್ಕ್ಯಾನ್ ಮಾಡಿ ಕಾಂಟ್ರಾಸ್ಟ್ ಏರಿಸಿ ನೋಡಿ, ಎಷ್ಟೋ ಸಲ ಅಕ್ಷರ ಮೇಲೆ ಬರತ್ತೆ.

ಅಂಚೆಪೆಟ್ಟಿಗೆ
ಮೆಟ್ರೋ ಟೋಕನ್?

ಕೌಂಟರ್_ನಂ2
ಅದು ಕಮ್ಮಿ ಆಗತ್ತೆ. 2022ರ ನವೆಂಬರ್‌ನಿಂದ ವಾಟ್ಸ್‌ಆ್ಯಪ್ಪಲ್ಲೇ ಕ್ಯೂಆರ್ ಟಿಕೆಟ್ ಇದೆ. ಟೋಕನ್ ಅಂದ್ರೆ ಎಣಿಸಬೇಕು, ತೊಳೀಬೇಕು, ಒಂದು ನಿಲ್ದಾಣದಲ್ಲಿ ಗುಡ್ಡೆ ಬಿದ್ದಿದ್ದನ್ನ ಇನ್ನೊಂದಕ್ಕೆ ಸಾಗಿಸಬೇಕು. ಆದರೆ ಗೇಟಲ್ಲಿ ನಿಂತು ನೋಡಿ, ಕಾರ್ಡು ತಟ್ಟಿದವರು ದಾಟಿದ ಮೇಲೂ ಕ್ಯೂಆರ್‌ನವರು ಫೋನಿನ ಬೆಳಕು ಏರಿಸ್ತಾ ನಿಂತಿರ್ತಾರೆ. ಜನಸಂದಣೀಲಿ ಗೆಲ್ಲೋದು ತಟ್ಟೋದೇ. ಹೋಗೋದಾದ್ರೆ ಟೋಕನ್, ಆಮೇಲೆ ಕ್ಯೂಆರ್. ಕಾರ್ಡ್ ಉಳಿಯತ್ತೆ.

ತಾಮ್ರತಂತಿ
ಅಂಗಡಿಯ ಯುಪಿಐ ಮಾತಾಡೋ ಪೆಟ್ಟಿಗೆ ಬಗ್ಗೆ ಒಂದು ಮಾತು. ಮೊದಮೊದಲ ಪೆಟ್ಟಿಗೆಗಳಲ್ಲಿ ಎಷ್ಟೋ 2ಜಿಯವು. "ದುಡ್ಡು ಬಂತು" ಅಂತ ಅರ್ಧ ನಿಮಿಷ ಆದ್ಮೇಲೆ ಹೇಳಿದ್ರೆ ಗಿರಾಕಿ ಅಷ್ಟರಲ್ಲಿ ಬಸ್ಸು ಹತ್ತಿರ್ತಾನೆ. ಬ್ಯಾಂಕಿನ ತಪ್ಪಲ್ಲ, ಮೇಲೆ ಹೇಳಿದ ಸ್ಲಾಟ್ ಬರಗಾಲ. 4ಜಿ ಪೆಟ್ಟಿಗೆ ಕೇಳಿ ತಗೊಳ್ಳಿ.

ಅಂಚೆಪೆಟ್ಟಿಗೆ
ಬ್ಯಾಂಕಿನ ಎರಡು ವಿಷಯ ಚುಟುಕಾಗಿ. ಕಾರ್ಡಿನ ಹಿಂದಿನ ಕಪ್ಪು ಪಟ್ಟಿ ಹೋಗುತ್ತದೆ. ಮಾಸ್ಟರ್‌ಕಾರ್ಡ್ 2021ರಲ್ಲೇ ದಿನಾಂಕ ಕೊಟ್ಟಿದೆ: 2029ರ ಹೊತ್ತಿಗೆ ಹೊಸ ಕಾರ್ಡಿನಲ್ಲಿ ಪಟ್ಟಿ ಇರದು, 2033ರ ಹೊತ್ತಿಗೆ ಎಲ್ಲೂ ಇರದು. ಎಸ್‌ಎಂಎಸ್ ಒಟಿಪಿ ಹಿಂದೆ ಸರಿಯುತ್ತದೆ. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಎರಡು ಹಂತದ ದೃಢೀಕರಣ ಬೇಕು ಎಂದಿದೆಯೇ ಹೊರತು ಎಸ್‌ಎಂಎಸ್ಸೇ ಆಗಬೇಕು ಎಂದಿಲ್ಲ, ನಿಷೇಧವೂ ಇಲ್ಲ. ಸಿಮ್ ಕಳೆದವರಿಗೆ, ಹೊರದೇಶದಲ್ಲಿ ರೋಮಿಂಗ್ ಇಲ್ಲದವರಿಗೆ ಅನುಕೂಲ. ಚೆಕ್ ಹೋಗುತ್ತದೆ ಎನ್ನುವವರಿಗೆ: 2025ರ ಅಕ್ಟೋಬರ್ 4ರಿಂದ ಅದರ ಕ್ಲಿಯರಿಂಗ್ ದಿನವಿಡೀ ನಡೆಯುತ್ತಿದೆ. ಸಾಯುವುದಕ್ಕೆ ಯಾರೂ ಅಷ್ಟು ಖರ್ಚು ಮಾಡುವುದಿಲ್ಲ.

ಜೆಸಿರೋಡ್_ಜೆಟ್
ಕಾರ್ಬ್ಯುರೇಟರ್ ಬಗ್ಗೆ ಯಾರೂ ಎತ್ತಲಿಲ್ಲ. 2020ರ ಏಪ್ರಿಲ್ 1ಕ್ಕೆ ಬಿಎಸ್6 ಬಂದ ಮೇಲೆ ಹೊಸ ಬೈಕಲ್ಲಿ ಅದು ಬಹುತೇಕ ಮುಗೀತು. ಬೆಂಗಳೂರಿನ ಗಾಡಿ ಬಿಡಿಭಾಗದ ಜೆಸಿ ರಸ್ತೇಲಿ ಹಳೇದರ ಕಿಟ್ ಇನ್ನೂ ಸಿಗತ್ತೆ, ಆದರೆ ಟ್ಯೂನ್ ಮಾಡೋ ಕೈ ಕಮ್ಮಿ ಆಗ್ತಿದೆ. ಈಗಿನ ಪೆಟ್ರೋಲಲ್ಲಿ ಎಥೆನಾಲ್ ಶೇ. 20. ಎಥೆನಾಲ್ ನೀರು ಹೀರತ್ತೆ, ಹಳೇ ರಬ್ಬರ್ ಉಬ್ಬತ್ತೆ. ಫ್ಲೋಟ್ ನೀಡಲ್ ತುದಿಯ ರಬ್ಬರ್ ಉಬ್ಬಿದ್ರೆ ಪೆಟ್ರೋಲ್ ಉಕ್ಕಿ ಕೆಳಗೆ ಸುರಿಯತ್ತೆ. ತಿಂಗಳು ನಿಲ್ಲಿಸಿದ್ರೆ ಪೈಲಟ್ ಜೆಟ್ (ಐಡಲ್‌ಗೆ ಪೆಟ್ರೋಲ್ ಬಿಡೋ ಸಣ್ಣ ತೂತು) ಕಟ್ಟಿಕೊಂಡು ಐಡಲ್ ನಿಲ್ಲಲ್ಲ. ಹಳೇ ಗಾಡಿ ಉಳಿಸಿಕೊಳ್ಳೋರು ವಾರಕ್ಕಿಂತ ಹೆಚ್ಚು ನಿಲ್ಲಿಸೋದಾದ್ರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಇಂಜಿನ್ ತಾನೇ ಆಫ್ ಆಗೋವರೆಗೆ ಓಡಿಸಿ ಕಾರ್ಬ್ಯುರೇಟರ್‌ನ ಬೌಲ್ ಖಾಲಿ ಮಾಡಿ. ಜೆಟ್ ತೂತಿಗೆ ಪಿನ್ನು, ಸೂಜಿ ಹಾಕಬೇಡಿ, ತೂತು ದೊಡ್ಡದಾಗಿ ಮೈಲೇಜ್ ಹೋಗತ್ತೆ. ಸ್ಪ್ರೇ ಮತ್ತು ಗಾಳಿ ಸಾಕು.

ಕಿಕ್ಕರ್ ಕೂಡ ಹೋಗೋದೇ. ಇಂಜೆಕ್ಷನ್ ಗಾಡೀಲಿ ಪಂಪು ಮೊದಲು ಸುಮಾರು 3 ಬಾರ್ ಒತ್ತಡ ಕಟ್ಟಬೇಕು. ಬ್ಯಾಟರಿ ಪೂರ್ತಿ ಸತ್ತಿದ್ರೆ ಒದ್ದೂ ಒದ್ದೂ ಕಾಲು ನೋಯತ್ತೆ ಅಷ್ಟೇ.

ರೇಡಿಯೋ_612
ಮೀಡಿಯಂ ವೇವ್ ಸೇರಿಸಿಕೊಳ್ಳಿ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್. ಪ್ರಸಾರ ನಿಲ್ಲೋದಕ್ಕೆ ಮುಂಚೆ ಅದನ್ನ ನಗರದೊಳಗೆ ಕೊಲ್ತಾ ಇರೋದು ನಿಮ್ಮ ಎಲ್‌ಇಡಿ ಬಲ್ಬು. ಅಗ್ಗದ ಡ್ರೈವರ್‌ನಲ್ಲಿ ಫಿಲ್ಟರ್ ಇರಲ್ಲ. ಅದು ಹತ್ತಾರು ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗ್ತಾ ಅದರ ಮರಿಗಳನ್ನೆಲ್ಲ ಈ ಬ್ಯಾಂಡಿಗೆ ಕಳಿಸತ್ತೆ. ಒಂದೊಂದೇ ಬಲ್ಬ್, ಚಾರ್ಜರ್ ಆಫ್ ಮಾಡ್ತಾ ಹೋಗಿ, ಕಳ್ಳ ಸಿಗ್ತಾನೆ. ಒಳಗಿನ ಫೆರೈಟ್ ಕಡ್ಡಿಗೆ ದಿಕ್ಕಿದೆ, ರೇಡಿಯೋ ತಿರುಗಿಸಿದ್ರೆ ಗಲಾಟೆ ಮಾಯವಾಗೋ ಒಂದು ಕೋನ ಇರತ್ತೆ. ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ್ದು ಮೈಸೂರಿನಲ್ಲಿ, 1935ರಲ್ಲಿ. ಆದ್ರಿಂದ ಸ್ವಲ್ಪ ಹೊಟ್ಟೆಉರಿ, ಕ್ಷಮಿಸಿ.

ಎಸ್‌ಪಿರೋಡ್_ಸಂತೆ
ಹಾಗಾದ್ರೆ ಮೈಕ್ರೋ ಯುಎಸ್‌ಬಿ ಮತ್ತು ಲ್ಯಾಪ್‌ಟಾಪಿನ ಗುಂಡು ಪಿನ್. ಇದು ಮೂರನೇ ದಾರಿ, ಕಾನೂನು. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಫೋನಿಗೆ ಟೈಪ್-ಸಿ ಕಡ್ಡಾಯ, ಲ್ಯಾಪ್‌ಟಾಪಿಗೆ 2026ರ ಏಪ್ರಿಲ್ 28. ಅಲ್ಲಿಗೊಂದು ಇಲ್ಲಿಗೊಂದು ಅಂತ ಯಾರೂ ಎರಡು ಥರ ಮಾಡ್ತಾ ಕೂರಲ್ಲ.

ಆದರೆ ಟೈಪ್-ಸಿ ತೂತಿದ್ದರೆ ಸಾಕಾಗಲ್ಲ. ಟ್ರಿಮ್ಮರ್, ಟಾರ್ಚು, ಸಣ್ಣ ಸ್ಪೀಕರ್ ತಂದೋರು ಕೇಳೋದು ಒಂದೇ: "ಹಳೇ ಚಾರ್ಜರಲ್ಲಿ ಚಾರ್ಜ್ ಆಗತ್ತೆ, ಹೊಸ ಫೋನಿನ ಎರಡೂ ಕಡೆ ಸಿ ಇರೋ ಕೇಬಲಲ್ಲಿ ಆಗಲ್ಲ, ಯಾಕೆ?" ಎರಡೂ ಕಡೆ ಸಿ ಇದ್ದಾಗ ಚಾರ್ಜರ್ ಮೊದಲು ಕರೆಂಟ್ ಕೊಡಲ್ಲ. ಎದುರು ಕಡೆ ಸಿಸಿ ಅನ್ನೋ ಗುರುತಿನ ಪಿನ್ನಿಂದ ನೆಲಕ್ಕೆ 5.1 ಕಿಲೋಓಮ್ ರೆಸಿಸ್ಟರ್ ಕಂಡ ಮೇಲೇ 5 ವೋಲ್ಟ್ ಬಿಡೋದು. ಅಗ್ಗದ ಮಾಲಲ್ಲಿ ಕೆಲವೇ ಪೈಸೆಯ ಆ ರೆಸಿಸ್ಟರ್ ಬಿಟ್ಟಿರ್ತಾರೆ. ಸುಲಭ ದಾರಿ, ಒಂದು ಕಡೆ ಹಳೇ ಚಪ್ಪಟೆ ಎ, ಇನ್ನೊಂದು ಕಡೆ ಸಿ ಇರೋ ಕೇಬಲ್ ಬಳಸಿ. ಬೆಸುಗೆ ಬರೋರು ಸಾಕೆಟ್ಟಿನ ಎ5, ಬಿ5 ಪಿನ್ನಿಂದ ಗ್ರೌಂಡಿಗೆ ಒಂದೊಂದು ಬೇರೆಬೇರೆ 5.1 ಕಿಲೋಓಮ್ ಹಾಕಿ. ಎರಡೂ ಸೇರಿಸಿ ಒಂದೇ ಹಾಕಬೇಡಿ, ಚಿಪ್ ಇರೋ ದಪ್ಪ ಕೇಬಲಲ್ಲಿ ಆಗ ಮತ್ತೆ ಚಾರ್ಜ್ ಆಗಲ್ಲ. ರಾಸ್ಪ್‌ಬೆರಿ ಪೈ 4ರ ಮೊದಲ ಬೋರ್ಡುಗಳಲ್ಲಿ ಆಗಿದ್ದ ಎಡವಟ್ಟು ಇದೇ. ಎರಡೇ ಪಿನ್ ಇರೋ ಸಾಕೆಟ್ ಆಗಿದ್ರೆ ಸಿಸಿನೇ ಇರಲ್ಲ, ಕೈ ಬಿಡಿ.

ಲ್ಯಾಪ್‌ಟಾಪಿಗೆ ಕೇಬಲ್ ಕೊಳ್ಳುವಾಗ 60 ವ್ಯಾಟ್ ಮೇಲೆ ಬೇಕಿದ್ರೆ 5 ಆಂಪಿಯರ್ ಅಂತ ಬರೆದಿರೋದೇ ತಗೊಳ್ಳಿ. ಒಳಗೆ ಗುರುತಿನ ಚಿಪ್ ಇಲ್ಲದ ಕೇಬಲ್ 3 ಆಂಪಿಯರ್‌ಗೆ ನಿಲ್ಲತ್ತೆ. ಲ್ಯಾಪ್‌ಟಾಪ್ ಚಾರ್ಜ್ ಆಗ್ತಾನೂ ಬ್ಯಾಟರಿ ಇಳೀತಾ ಇದ್ರೆ ಮೊದಲು ಕೇಬಲ್ ನೋಡಿ.

ಮೀಟರ್‌ಬೋರ್ಡ್
ಕಾನೂನು ದಾರೀಲಿ ಇನ್ನೊಂದು: ಟ್ಯೂಬ್‌ಲೈಟ್. ಪಾದರಸದ ಮಿನಮಾಟಾ ಒಪ್ಪಂದದ 2023ರ ಸಭೆಯಲ್ಲಿ ಉದ್ದ ಟ್ಯೂಬುಗಳ ತಯಾರಿಕೆ, ಆಮದು, ರಫ್ತಿಗೆ 2027ರ ಗಡುವು ಹಾಕಿದ್ದಾರೆ. 36 ವ್ಯಾಟ್ ಟ್ಯೂಬಿಗೆ ತಾಮ್ರದ ಚೋಕ್ ಸೇರಿ 46ರಿಂದ 48 ವ್ಯಾಟ್. ಅಷ್ಟೇ ಬೆಳಕಿಗೆ ಎಲ್‌ಇಡಿ 20.

ಹಳೇ ಟ್ಯೂಬ್‌ಲೈಟ್ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಸಿಕ್ಕಿಸೋರು ಹುಷಾರು. ಒಂದು ಕಡೆಯಿಂದ ಕರೆಂಟ್ ತಗೊಳ್ಳೋದು ಒಂದು ಥರ, ಎರಡೂ ತುದಿಯಿಂದ ತಗೊಳ್ಳೋದು ಇನ್ನೊಂದು. ಎಂಸಿಬಿ ಆಫ್ ಮಾಡಿ, ಸ್ಟಾರ್ಟರ್ ಕಿತ್ತು, ಚೋಕ್ ವೈರ್ ಕತ್ತರಿಸಿ, ಟ್ಯೂಬಿನ ಮೇಲಿನ ಚಿತ್ರದ ಹಾಗೆ ವೈರ್ ಹಾಕಿ. ಎರಡು ತುದಿಯದ್ದನ್ನ ಒಂದು ಕಡೆ ಸಿಕ್ಕಿಸಿ ಇನ್ನೊಂದು ಕಡೆ ಕೈಯಲ್ಲಿ ಹಿಡಿದಾಗ ಆ ಪಿನ್ನಲ್ಲಿ ಕರೆಂಟ್ ಇರಬಹುದು. ಕೆಲಸ ಮುಗಿದ ಮೇಲೆ ಪಟ್ಟಿ ಮೇಲೆ "ಎಲ್‌ಇಡಿ ಮಾತ್ರ" ಅಂತ ಬರೆದು ಅಂಟಿಸಿ. ಮುಂದೆ ಯಾರೋ ಹಳೇ ಟ್ಯೂಬ್ ಹಾಕಿ ಶಾರ್ಟ್ ಮಾಡ್ತಾರೆ. ನಿಜ ಹೇಳಬೇಕಂದ್ರೆ ಇಡೀ ಎಲ್‌ಇಡಿ ಬ್ಯಾಟನ್ ಹಾಕೋದೇ ವಾಸಿ.

ತೋಟದಪಂಪು
ಹಳೇ ಟ್ಯೂಬ್ ಒಡೆದ್ರೆ ಏನು ಮಾಡಬೇಕು? ಸ್ಟೋರ್‌ರೂಮಲ್ಲಿ ಹತ್ತಿಪ್ಪತ್ತು ಬಿದ್ದಿವೆ.

ಮೀಟರ್‌ಬೋರ್ಡ್
ಒಡೆದ್ರೆ ಫ್ಯಾನ್ ಆಫ್ ಮಾಡಿ, ಕಿಟಕಿ ತೆಗೆದು ಕಾಲು ಗಂಟೆ ಹೊರಗಿರಿ. ಪೊರಕೆ, ವ್ಯಾಕ್ಯೂಂ ಕ್ಲೀನರ್ ಬೇಡ, ಪುಡಿ ಹರಡತ್ತೆ. ದಪ್ಪ ಕಾಗದದಲ್ಲಿ ಚೂರು ಎತ್ತಿ, ಪುಡಿಯನ್ನ ಟೇಪಿಗೆ ಅಂಟಿಸಿ, ನೆಲ ಒದ್ದೆ ಟಿಶ್ಯೂನಲ್ಲಿ ಒರೆಸಿ, ಎಲ್ಲಾ ಒಂದು ಮುಚ್ಚಳದ ಡಬ್ಬಕ್ಕೆ. ಒಡೆಯದೇ ಇರೋವು ರಟ್ಟಿನ ಪೆಟ್ಟಿಗೇಲಿ ನೆಟ್ಟಗೆ ನಿಲ್ಲಿಸಿ ಇಡಿ, ಒಣಕಸದ ಜೊತೆ ಹಾಕಬೇಡಿ, ಅಪಾಯಕಾರಿ ಕಸ ಅಂತ ಹೇಳಿ ಬೇರೆ ಕೊಡಿ. ಚೋಕ್ ಮಾತ್ರ ಬೇರೆ ಎತ್ತಿಡಿ, ತಾಮ್ರದ್ದಾಗಿದ್ರೆ ಗುಜರಿಯವರು ತೂಕ ಹಾಕಿ ದುಡ್ಡು ಕೊಡ್ತಾರೆ.

ಜೆಸಿರೋಡ್_ಜೆಟ್
ಹಗುರ ಇದ್ರೆ ಎಲೆಕ್ಟ್ರಾನಿಕ್ ಚೋಕ್, ಕೈಗೆ ಭಾರ ಬಿದ್ರೆ ಸುರುಳಿ ಚೋಕ್. ಅದರಲ್ಲೂ ಮೇಲೆ ಒಂದು ಕಡೆ ಸ್ವಲ್ಪ ಕೆರೆದು ನೋಡಿ, ಈಚಿನವುಗಳಲ್ಲಿ ಅಲ್ಯೂಮಿನಿಯಂ ಸುತ್ತಿರೋದೂ ಇದೆ.